ನಿಮ್ಮವ್ವನ್ನ ಕೇಳಬೇಕು

ಅಪ್ಪ ಶೌಚಾಲಯದೊಳಗೆ ಹೋಗಿ ಎಷ್ಟು ಹೊತ್ತಾಯಿತೆಂಬುದನ್ನು ಹೇಮಲತಾ ಗಡಿಯಾರ ನೋಡದೆಯೇ ಹೇಳಬಲ್ಲಳು. ಗೋಡೆಯ ಮೇಲಿನ ಕೆಂಪು ಟೋಕನ್ ಅಂಕಿ ಹದಿನೇಳರಿಂದ ಇಪ್ಪತ್ತಕ್ಕೆ ಬಂದಿತ್ತು. ಎದುರು ಸಾಲಿನ ಹೆಂಗಸು ಒಂದು ಮೂಸಂಬಿ ಸುಲಿದು, ಬಿಳಿ ನಾರನ್ನೂ ಬಿಡದೆ ಕಿತ್ತು, ತೊಳೆತೊಳೆಯಾಗಿ ಗಂಡನಿಗೆ ತಿನ್ನಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡಾಗಿತ್ತು. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಬಂದಮೇಲೆ ಇದು ನಾಲ್ಕನೆಯ ಸಲ. ಟೋಪಿ ಹಾಕಿದ ಗಂಡಸಿನ ಚಿತ್ರವಿರುವ ಆ ಬಾಗಿಲನ್ನು ತಾನು ತಟ್ಟುವಂತಿಲ್ಲ. ಒಳಗೆ ಹೋಗಿಬರುವ ಯಾರನ್ನಾದರೂ ತಡೆದು, ಸಾರ್, ಕಂದು ಸ್ವೆಟರಿನ ವಯಸ್ಸಾದವರೊಬ್ಬರು ಒಳಗಿದ್ದಾರಲ್ಲ, ಸರಿಯಾಗಿದ್ದಾರಾ ಎಂದು ಕೇಳಲು ಎರಡು ಸಲ ಎದ್ದವಳು ಎರಡು ಸಲವೂ ಕೂತಳು. ಕೊನೆಗೆ ಬಾಗಿಲು ತೆರೆದು ಅಪ್ಪ ಹೊರಬಂದಾಗ ಅವಳ ಕಣ್ಣು ಮೊದಲು ಹೋದದ್ದು ಅವರ ಮುಖಕ್ಕಲ್ಲ, ಪ್ಯಾಂಟಿನ ಮುಂಭಾಗಕ್ಕೆ. ಅಲ್ಲಿ ಏನೂ ಇರಲಿಲ್ಲ. ಆದರೆ ತಾನು ನೋಡಿದ್ದನ್ನು ಅವರು ನೋಡಿದರೆಂದು ಅವಳಿಗೆ ತಿಳಿಯಿತು. ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಎರಡೂ ಕೈಯಿಂದ ಹೊಟ್ಟೆಯ ಕೆಳಗೆ ಹಿಡಿದುಕೊಂಡು ನಡೆದು ಬಂದ ಅಪ್ಪ, ಅವಳ ಪಕ್ಕದ ಕುರ್ಚಿಯನ್ನು ಬಿಟ್ಟು, ಅದರಾಚೆಯ ಕುರ್ಚಿಯಲ್ಲಿ ಕೂತರು.

ಫೆಬ್ರವರಿಯಲ್ಲಿ ಅತ್ತಿಬೆಲೆಯಿಂದ ಬರುವಾಗಲೂ ಹೀಗೆಯೇ ದೂರ ಸರಿದು ಕೂತಿದ್ದರು, ಕಾರಿನ ಹಿಂದಿನ ಸೀಟಿನಲ್ಲಿ, ಬಾಗಿಲಿಗೆ ಒತ್ತಿಕೊಂಡು. ದೊಡ್ಡಪ್ಪನ ಮಗನ ಮನೆಯ ಗೃಹಪ್ರವೇಶ ಮುಗಿಸಿ ಅಪ್ಪನೂ ಅವಳೂ ಇಬ್ಬರೇ ಹೊರಟಿದ್ದರು. ಅವ್ವ ಪಾತ್ರೆಪಗಡ ಎತ್ತಿಡಲು ಅಲ್ಲೇ ಉಳಿದಿದ್ದಳು. ಚಂದಾಪುರದ ಹತ್ತಿರ ಲಾರಿಗಳು ಎಂಜಿನ್ ಆರಿಸಿ ನಿಂತುಬಿಟ್ಟಿದ್ದವು. ಎಲ್ಲ್ಯಾರ ಸ್ವಲ್ಪ ನಿಲ್ಲಸ್ತಿ ಏನವ್ವಾ ಎಂದು ಅಪ್ಪ ಮೆಲ್ಲಗೆ ಕೇಳಿದ್ದರು. ಹತ್ತು ನಿಮಿಷ ಅಪ್ಪಾಜಿ, ಮುಂದೆ ಪೆಟ್ರೋಲ್ ಬಂಕ್ ಇದೆ ಎಂದಿದ್ದಳು. ಕಾರು ಓಡಿಸುತ್ತಿದ್ದ ಅವಳ ಕಿವಿಯ ಫೋನಿನಲ್ಲಿ ಹನುಮೇಶನಿದ್ದ. ಕುಂದಲಹಳ್ಳಿಯ ಐಟಿ ಪಾರ್ಕಿನ ಟ್ರಾನ್ಸ್‌ಪೋರ್ಟ್ ವಿಭಾಗದಲ್ಲಿ ಅವಳ ಕೈಕೆಳಗಿನವನು. ಯಾವುದೋ ಕ್ಯಾಬು ಕೆಟ್ಟು ಆರು ಮಂದಿ ರಸ್ತೆಯಲ್ಲಿ ನಿಂತಿದ್ದಾರೆಂದು ಹೇಳುತ್ತಿದ್ದ. ಅಪ್ಪ ಮತ್ತೆ ಕೇಳಿದಾಗ ಅವಳು, ಡ್ರೈವರುಗಳ ಜೊತೆ ಆಡುವ ಅದೇ ದನಿಯಲ್ಲಿ, ಹೈವೇ ಮಧ್ಯದಲ್ಲಿ ಎಲ್ಲಿ ನಿಲ್ಲಿಸ್ಲಿ ನೀವೇ ಹೇಳಿ ಎಂದಿದ್ದಳು. ಅವರು ಮೂರನೆಯ ಸಲ ಕೇಳಲಿಲ್ಲ. ಬೊಮ್ಮಸಂದ್ರ ದಾಟುವಾಗ ವಾಸನೆ ಬಂತು. ಅವಳು ಏಸಿ ಆರಿಸದೆಯೇ ಕಿಟಕಿ ಇಳಿಸಿದಳು. ಇಳಿಸಬಾರದಿತ್ತು. ಪೀಣ್ಯದ ತಮ್ಮ ಮನೆಯ ಮುಂದೆ ಇಳಿಯುವಾಗ ಅಪ್ಪ ತೆಂಗಿನಕಾಯಿ, ಕುಪ್ಪಸದ ಬಟ್ಟೆಗಳ ಚೀಲವನ್ನು ಮುಂದೆ ಹಿಡಿದುಕೊಂಡಿದ್ದರು. ಮರುದಿನ ಕಾರು ತೊಳೆಯುವ ಮುನಿಯಣ್ಣನಿಗೆ, ಮಗ ಜ್ಯೂಸ್ ಚೆಲ್ಲಿದ ಎಂದಳು. ಪಕ್ಕದಲ್ಲೇ ನಿಂತಿದ್ದ ಅಮೋಘ್, ನಾನು ಯಾವಾಗ ಚೆಲ್ಲಿದೆ ಮಮ್ಮಿ ಎಂದ. ಸುಮ್ಮನಿರು ಎಂದು ಅವನನ್ನು ಗದರಿದ್ದು ಅವಳಿಗೆ ಈಗಲೂ ನೆನಪಿದೆ.

ಆಮೇಲೆ ಅಪ್ಪ ಅವಳ ಕಾರು ಹತ್ತಲಿಲ್ಲ. ಮೆಟ್ರೋ ಚೆನ್ನಾಗಿದೆ, ಮಂಡಿಗೆ ನಡಿಗೆ ಒಳ್ಳೆಯದು ಎನ್ನುತ್ತಿದ್ದರು. ವಯಸ್ಸಾಯಿತು, ಹಟ ಹೆಚ್ಚಾಯಿತು ಎಂದು ಅವಳು ಗಂಡ ವಿನಾಯಕನಿಗೆ ಹೇಳಿ ಮರೆತಳು. ಆಗಸ್ಟಿನ ಒಂದು ಮಧ್ಯಾಹ್ನ ಮೂತ್ರ ಪೂರ್ತಿ ಕಟ್ಟಿ, ಹೊಟ್ಟೆ ಕಲ್ಲಿನಂತಾಗಿ, ಆಟೋದಲ್ಲಿ ಒಬ್ಬರೇ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ ಕೊಳವೆ ಹಾಕಿಸಿಕೊಂಡು, ಅಲ್ಲಿಂದ ಅವಳಿಗೆ ಫೋನು ಮಾಡಿದರು. ಆ ಕೊಳವೆ, ವಾರದ ಮೇಲೆ ಅದನ್ನು ತೆಗೆದದ್ದು, ರಕ್ತಪರೀಕ್ಷೆ, ಸೂಜಿ ಚುಚ್ಚಿ ತೆಗೆದ ಹನ್ನೆರಡು ತುಣುಕು, ಎರಡು ವಾರದ ಹಿಂದೆ ಬಂದ ವರದಿ. ಪ್ರಾಸ್ಟೇಟ್ ಕ್ಯಾನ್ಸರ್ ಎಂಬುದನ್ನು ಅಪ್ಪ ತಾವೇ ಓದಿದರು, ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು. ಮೂವತ್ತಾರು ವರ್ಷ ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೂದಲೆಳೆಯ ನೂರನೇ ಪಾಲನ್ನು ಅಳೆದವರು. ಓದಿ ಮಡಿಚಿ, ನಿಮ್ಮವ್ವಗ ಮೂತ್ರದಾಗ ಕಲ್ಲು ಅಂತ ಹೇಳು, ಬ್ಯಾರೆ ಏನೂ ಹೇಳಬ್ಯಾಡ ಎಂದರು. ಇನ್ನೂ ಆರು ತಿಂಗಳು ಮೊದಲೇ ಬರಬೇಕಿತ್ತು ಎಂದು ಆ ದಿನ ಡಾಕ್ಟರು ಅಂದದ್ದು ಮಾಮೂಲಿನ ಮಾತೇ ಇರಬಹುದು. ಹೇಮಲತಾ ಬೆರಳು ಮಡಿಚಿ ಎಣಿಸಿದಳು. ಫೆಬ್ರವರಿಯಿಂದ ಆಗಸ್ಟ್‌ಗೆ ಸರಿಯಾಗಿ ಆರು.

ನಿಂಗಪ್ಪ, ಏಜ್ ಸೆವೆಂಟಿ ಟೂ ಎಂದು ನರ್ಸು ಕೂಗಿದಳು. ಅಪ್ಪ ಹಾಜರಿ ಕೂಗಿಸಿಕೊಂಡವರಂತೆ ತಟ್ಟನೆ ಎದ್ದರು.

ಇವತ್ತಿನ ಡಾಕ್ಟರು ಹೊಸಬ, ಅವಳಿಗಿಂತ ಚಿಕ್ಕವನು, ಉತ್ತರ ಭಾರತದ ಕಡೆಯವನು. ಕೂತ್ಕೊಳ್ಳಿ ಎಂಬುದರಾಚೆಗೆ ಅವನ ಕನ್ನಡ ಹೋಗಲಿಲ್ಲ. ಅವಳ ಹಿಂದೆ ಬಾಗಿಲಿನತ್ತ ನೋಡಿ, ಗಂಡಸರು ಯಾರೂ ಬಂದಿಲ್ಲವೇ, ಮಗ ಇಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನೇ ಎಂದಳು. ಮಗನೇ ಎಂದಂತಾಯಿತೇ ಎಂದು ಅವಳಿಗೆ ಮರುಕ್ಷಣ ಅನಿಸಿತು. ಅವನು ಸ್ಕ್ಯಾನಿನ ಹಾಳೆಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದ. ಒಂದು ಅಸ್ಥಿಪಂಜರ, ಮುಂದಿನಿಂದ ಮತ್ತು ಹಿಂದಿನಿಂದ. ಸೊಂಟದ ಮೂಳೆಯಲ್ಲಿ, ಬೆನ್ನಿನಲ್ಲಿ, ಒಂದು ಪಕ್ಕೆಲುಬಿನಲ್ಲಿ ಇದ್ದಿಲಿನ ಚುಕ್ಕಿಗಳು. ಅಪ್ಪ ಮುಂದಕ್ಕೆ ಬಾಗಿ ಅದನ್ನು ಯಂತ್ರದ ಡ್ರಾಯಿಂಗ್ ನೋಡುವಂತೆ ನೋಡಿದರು. ತನ್ನನ್ನು ಹೆತ್ತವರ ಮೂಳೆಗಳನ್ನು ಹೀಗೆ ನೋಡುವುದು ತಪ್ಪೆಂಬಂತೆ ಹೇಮಲತಾ ಮೇಜಿನ ಮೇಲಿನ ಪೆನ್ನುಗಳ ಲೋಟವನ್ನು ನೋಡಿದಳು. ಡಾಕ್ಟರು ಅವಳಿಗೇ ಹೇಳುತ್ತ ಹೋದ. ಮೂಳೆಗೆ ಹರಡಿದೆ. ಪೂರ್ತಿ ವಾಸಿಮಾಡುವ ಹಂತ ದಾಟಿದೆ, ಆದರೆ ಹಲವು ವರ್ಷ ಅಡಗಿಸಿಡಬಹುದು. ಗಂಡಸಿನ ಹಾರ್ಮೋನು ಅದಕ್ಕೆ ಆಹಾರ, ಅದನ್ನು ನಿಲ್ಲಿಸಬೇಕು. ಮಾತ್ರೆಗಳಂತೂ ಇದ್ದೇ ಇರುತ್ತವೆ. ಅದರ ಜೊತೆಗೆ ಮೂರು ತಿಂಗಳಿಗೊಂದು ಇಂಜೆಕ್ಷನ್, ಬದುಕಿರುವವರೆಗೂ, ಒಂದೂ ತಪ್ಪಿಸುವಂತಿಲ್ಲ. ಇಲ್ಲವೇ ಒಂದು ಸಣ್ಣ ಆಪರೇಷನ್, ಒಂದೇ ಸಲ, ಅರ್ಧ ಗಂಟೆ. ಫಲ ಎರಡಕ್ಕೂ ಒಂದೇ. ಆಪರೇಷನ್ನಿನ ಹೆಸರು ಹೇಳಿದ, ಅದು ಅವಳಿಗೆ ಅರ್ಥವಾಗಲಿಲ್ಲವೆಂದು ಕಂಡು, ತೆಗೆಯುವುದು ಏನನ್ನು ಎಂದು ಸರಳ ಇಂಗ್ಲಿಷಿನಲ್ಲಿ ಹೇಳಿದ. ಹೇಮಲತಾ ಅಪ್ಪನತ್ತ ತಿರುಗಿದಳು. ಅವರ ಮುಖ ಬದಲಾಗಿರಲಿಲ್ಲ. ಅವರ ಇಂಗ್ಲಿಷು ಕಾರ್ಖಾನೆಯದು. ಆ ಶಬ್ದ ಅಲ್ಲಿ ಯಾವ ಯಂತ್ರಕ್ಕೂ ಬೇಕಾಗಿರಲಿಲ್ಲ. ಯೋಚಿಸಿ ಹೇಳಿ, ಆಪರೇಷನ್ ಆದರೆ ಗುರುವಾರ ಮಾಡುತ್ತೇನೆ ಎಂದ ಡಾಕ್ಟರು.

ಹೊರಗೆ ಬಂದು ಹತ್ತು ಹೆಜ್ಜೆ ನಡೆದ ಮೇಲೆ ಅಪ್ಪ ಏನಂತ ಎಂದು ಕೇಳಿದರು. ಮೂರು ತಿಂಗಳಿಗೊಂದು ಇಂಜೆಕ್ಷನ್ ಇಲ್ಲಾಂದ್ರೆ ಸಣ್ಣ ಆಪರೇಷನ್ ಎಂದಳು. ಎಲ್ಲಿ ಆಪರೇಷನ್ ಎಂದರು. ಕೆಳಗೆ ಎಂದಳು. ಅಷ್ಟರಲ್ಲೇ ಲಿಫ್ಟಿನ ಬಾಗಿಲು ತೆರೆದಿತ್ತು. ಕೆಳಗೆ ಎಂಬ ಮಾತು ಲಿಫ್ಟಿನಲ್ಲಿದ್ದವರಿಗೆ ಸಹಜವಾಗಿ ಕೇಳಿಸಿತು. ಒಬ್ಬಾತ ಸೊನ್ನೆಯ ಗುಂಡಿ ಒತ್ತಿದ.

ಕ್ಯಾಂಟೀನಿನಲ್ಲಿ ಅಪ್ಪನ ಮುಂದೆ ಇಡ್ಲಿ ಇಟ್ಟು ಅವಳು ಕಾಫಿ ಹಿಡಿದು ಕೂತಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಯಾವ ಶಬ್ದದಲ್ಲಿ ಎಂದು ಹುಡುಕಿದರೆ ಅವಳ ಕನ್ನಡ ಬರಿದಾಗಿತ್ತು. ಅದಕ್ಕೆ ಅವಳಿಗೆ ಗೊತ್ತಿದ್ದ ಶಬ್ದಗಳೆಲ್ಲ ಬೈಗುಳಗಳು. ದಿನವೂ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಡ್ರೈವರುಗಳು ಒಬ್ಬರಿಗೊಬ್ಬರು ಎಸೆದುಕೊಳ್ಳುವ, ಅವಳು ಬಂದೊಡನೆ ಅರ್ಧಕ್ಕೇ ನುಂಗಿಕೊಳ್ಳುವ ಶಬ್ದಗಳು. ಇನ್ನೊಂದಿತ್ತು, ಒಂಬತ್ತನೇ ತರಗತಿಯ ಜೀವಶಾಸ್ತ್ರದಲ್ಲಿ. ಆ ಪಾಠವನ್ನು ಮೇಡಂ ನೀವೇ ಓದಿಕೊಳ್ಳಿ ಎಂದು ದಾಟಿಸಿದ್ದರು. ಮನೆಯಲ್ಲಿ ಅದನ್ನು ಓದುತ್ತ ಕೂತಿದ್ದಾಗ ಅಪ್ಪ ಹಿಂದಿನಿಂದ ಬಂದು ನಿಂತರೆಂದು ಅವಳು ಪುಸ್ತಕ ಮುಚ್ಚಿದ್ದಳು. ಅಪ್ಪ ಹೊರಗೆ ಹೋಗಿ ಸೈಕಲ್ಲಿಗೆ ಎಣ್ಣೆ ಬಿಡತೊಡಗಿದ್ದರು. ಮೊದಲ ಸಲ ಮುಟ್ಟಾದಾಗ ಅಪ್ಪ ಒಂದು ವಾರ ಅವಳ ಕಣ್ಣು ತಪ್ಪಿಸಿ ನಡೆದಿದ್ದರು. ಇಬ್ಬರೂ ಒಬ್ಬರ ಶರೀರವನ್ನು ಇನ್ನೊಬ್ಬರಿಂದ ಅಷ್ಟು ಜತನವಾಗಿ ಮರೆಮಾಡಿಕೊಂಡು ಬಂದಿದ್ದರು. ಅದನ್ನೇ ಅವಳು ಗೌರವ ಎಂದುಕೊಂಡಿದ್ದಳು. ಈಗ ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಅಪ್ಪ ಇಡ್ಲಿಯನ್ನು ಒಂದೇ ಅಳತೆಯ ತುಂಡುಗಳಾಗಿ ಮುರಿದು ತಿನ್ನುತ್ತಿದ್ದರು.

ಫೋನು ಬಂತೆಂಬ ನೆಪದಲ್ಲಿ ಎದ್ದು ಹೋಗಿ ವಿನಾಯಕನಿಗೆ ಫೋನು ಮಾಡಿದಳು. ಅವನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೀಟಿಂಗಿನಿಂದ ಹೊರಗೆ ಬಂದು ಮಾತಾಡಿದ. ಪೂರ್ತಿ ಕೇಳಿಸಿಕೊಂಡ, ಅಯ್ಯೋ ಎಂದ. ನೀವು ಗಂಡಸರು, ನೀವು ಹೇಳಿದರೆ ಆಗುತ್ತದೆ, ಸಂಜೆ ಪೀಣ್ಯಕ್ಕೆ ಬಂದು ಹೇಳಿ ಎಂದು ಅವಳು ಬೇಡಿಕೊಂಡಳು. ಅವನು ಇಲ್ಲವೆನ್ನಲಿಲ್ಲ. ಮಾವನ ಮುಂದೆ ತಾನು ಇಂದಿಗೂ ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ, ಈ ಮಾತನ್ನು ಹೇಗೆ ಎತ್ತಲಿ, ಡಾಕ್ಟರರೇ ಯಾರಾದರೂ ಕನ್ನಡದವರ ಕೈಲಿ ಹೇಳಿಸಿದರೆ ಮಾವನವರ ಮರ್ಯಾದೆಗೂ ಒಳ್ಳೆಯದಲ್ಲವೇ ಎಂದು ಕೇಳಿದ. ಇಂಜೆಕ್ಷನ್ ಎಂದೇ ತೀರ್ಮಾನಿಸಿಬಿಡು, ಹೇಳುವ ತಾಪತ್ರಯವೇ ಇಲ್ಲ ಎಂದೂ ಸೇರಿಸಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು. ಹಾಗೆಯೇ ಮಾಡಬಹುದಲ್ಲ ಎಂಬ ಯೋಚನೆ ಅವಳಲ್ಲೂ ಆಗಲೇ ಇತ್ತು. ಎರಡಕ್ಕೂ ಫಲ ಒಂದೇ ಅಂದನಲ್ಲ ಡಾಕ್ಟರು. ಅಪ್ಪನಿಗೆ ಯಾವುದನ್ನೂ ಆರಿಸಿಕೊಳ್ಳುವ ಕಷ್ಟ ಬೇಡ. ಅವಳು ತಿರುಗಿ ನೋಡಿದಾಗ ಕ್ಯಾಂಟೀನಿನ ಗಾಜಿನಾಚೆ ಅಪ್ಪ ಅವಳನ್ನೇ ನೋಡುತ್ತಿದ್ದರು. ತಮ್ಮ ವಿಷಯ ಮಾತಾಡುವವರನ್ನು ದೂರದಿಂದ ನೋಡುವ ಮಕ್ಕಳ ಮುಖ. ಅವಳು ಫೋನು ಇಟ್ಟಳು.

ಕಾರಿನಲ್ಲಿ ಕೂರುವ ಮೊದಲು ಅಪ್ಪ ಚೀಲದಿಂದ ಪ್ಲಾಸ್ಟಿಕ್ ಹಾಳೆಯೊಂದನ್ನು ತೆಗೆದು ಸೀಟಿನ ಮೇಲೆ ಹಾಸಿ, ಅದರ ಮೇಲೆ ಟವೆಲ್ ಹಾಸಿ, ಸುಕ್ಕು ಬಿಡಿಸಿ ಕೂತರು. ಅವಳು ಅತ್ತ ನೋಡದೆ ಸೀಟ್‌ಬೆಲ್ಟ್ ಎಳೆದುಕೊಂಡಳು. ಮಧ್ಯಾಹ್ನದ ಬಿಸಿಲಲ್ಲಿ ರಸ್ತೆ ತುಂಬಿತ್ತು. ಬ್ರೂಕ್‌ಫೀಲ್ಡಿನ ತನ್ನ ಅಪಾರ್ಟ್‌ಮೆಂಟಿನ ಗೇಟನ್ನು ದಾಟುವಾಗ, ಇಲ್ಲೇ ಇಳಿದು ಒಂದು ಗಂಟೆ ಮಲಗಿದರೆ ಎಂದು ಆಸೆಯಾಯಿತು. ಅಪ್ಪ ಸೋಫಾದ ಅಂಚಿನಲ್ಲಿ ಆ ಹಾಳೆ ಹಾಸಿಕೊಂಡು ಕೂರುವುದು ಕಣ್ಣಿಗೆ ಕಟ್ಟಿ ಆಸೆ ಹೋಯಿತು. ಕೆ.ಆರ್. ಪುರದ ಸೇತುವೆಯ ಮೇಲೆ ಎಲ್ಲವೂ ನಿಂತಿತು. ಕೆಳಗೆ ರೈಲೊಂದು ನಿಧಾನವಾಗಿ ಹಾದುಹೋಗುತ್ತಿತ್ತು. ಅಪ್ಪ ಅದರ ಡಬ್ಬಿಗಳು ಮುಗಿಯುವವರೆಗೂ ನೋಡಿದರು.

"ಹೇಮಾ, ಆ ಡಾಕ್ಟರ್ ಏನು ತಗೀತೀನಿ ಅಂದ್ರು?"

ಅವಳು ಸ್ಟಿಯರಿಂಗ್ ಹಿಡಿದ ತನ್ನ ಬೆರಳುಗಳನ್ನು ನೋಡಿದಳು. ಇಬ್ಬರೂ ಮುಂದಕ್ಕೆ ಮುಖ ಮಾಡಿ ಕೂತಿದ್ದರು; ಎದುರುಬದುರು ಇರಲಿಲ್ಲ. ಅಷ್ಟು ಅನುಕೂಲವನ್ನಾದರೂ ಆ ಟ್ರಾಫಿಕ್ಕು ಮಾಡಿಕೊಟ್ಟಿತ್ತು.

"ವೃಷಣ, ಅಪ್ಪಾಜಿ."

"ಹಂಗಂದ್ರ?"

ಮುಂದಿನ ಬಸ್ಸಿನ ಹಿಂಬದಿಯ ಗಾಜಿನಲ್ಲಿ ಒಂದು ಮಗು ಮೂಗು ಒತ್ತಿ ಅವರನ್ನು ನೋಡುತ್ತಿತ್ತು. ಹೇಮಲತಾ ಆ ಮಗುವನ್ನು ನೋಡುತ್ತಲೇ ಹೇಳಿದಳು.

"ಬೀಜ. ಎರಡೂ."

ಹಾರ್ನುಗಳು ಹಿಂದಿನಿಂದ ಎದ್ದವು. ಬಸ್ಸು ಒಂದು ಮಾರು ಸರಿದು ನಿಂತಿತು, ಅವಳೂ ಸರಿದಳು. ಹೇಳಿದ ಶಬ್ದ ಕಾರಿನೊಳಗೆ ಇನ್ನೂ ಇದ್ದಂತಿತ್ತು. ಅವಳು, ಹಾಗೇನಿಲ್ಲ ಅಪ್ಪಾಜಿ, ಇಂಜೆಕ್ಷನ್ನೂ ಇದೆ, ಅದೂ ಅಷ್ಟೇ ಒಳ್ಳೆಯದಂತೆ, ಯಾರಿಗೂ ಗೊತ್ತಾಗುವುದಿಲ್ಲ, ನಾನೇ ಬಂದು ಪ್ರತಿ ಸಲ ಕರೆದುಕೊಂಡು ಹೋಗುತ್ತೇನೆ ಎಂದು ಒಂದರ ಮೇಲೊಂದು ಹೇಳತೊಡಗಿದಳು. ಅಪ್ಪ ಕೈ ಎತ್ತಿ ಸಾಕು ಎಂಬಂತೆ ತೋರಿಸಿದರು. ಹೆಣ್ಣೂರು ದಾಟಿತು. ಹೆಬ್ಬಾಳದ ಹತ್ತಿರ ಬಂದಾಗ, ರಾಣೆಬೆನ್ನೂರಿನ ಹತ್ತಿರದ ತಮ್ಮ ಊರಿನಲ್ಲಿ ಒಂದು ಕೆಂದು ಹೋರಿ ಇತ್ತೆಂದು ಶುರುಮಾಡಿದರು, ಅವಳಿಗೆಂದೂ ಹೇಳದ ಸಂಗತಿ. ಅದಕ್ಕೆ ಬೀಜ ಒಡೆಸುವ ದಿನ ಒಂಬತ್ತು ವರ್ಷದ ಅವರನ್ನು ಹಗ್ಗ ಹಿಡಿಯಲು ನಿಲ್ಲಿಸಿದ್ದರಂತೆ. ಕೆಡವಿದಾಗ ಅದು ಒದರಲಿಲ್ಲವಂತೆ. ಕಣ್ಣು ಮಾತ್ರ ಹಗ್ಗ ಹಿಡಿದವರ ಮೇಲಿತ್ತಂತೆ. ಮೂರು ದಿನ ಗೋಡೆಗೆ ಮುಖ ಮಾಡಿ ನಿಂತು ಮೇವು ಮುಟ್ಟಲಿಲ್ಲ. ಆಮೇಲೆ ತಿಂದಿತು. ಅಷ್ಟು ಹೇಳಿ ಅಪ್ಪ ನಿಲ್ಲಿಸಿದರು. ಫ್ಲೈಓವರಿನ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅವಳಿಗೆ ರಾತ್ರಿ ನಿದ್ದೆಯಿಲ್ಲದೆ ಎರಡು ವಾರವಾಗಿತ್ತು. ಹೋರಿಯ ಕಣ್ಣಿಗೂ ಅಪ್ಪನಿಗೂ ನಡುವೆ ತನಗೆ ದಾಟಲಾಗದ ಯಾವುದೋ ಇದೆ ಎಂದಷ್ಟೇ ತಿಳಿಯಿತು.

"ನಿಮ್ಮವ್ವನ್ನ ಕೇಳಬೇಕು" ಎಂದರು ಅಪ್ಪ.

ಅವಳಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನಿಸಿತು. "ಅವ್ವನಿಗೆ ಹೇಳ್ಬೇಡ ಅಂದಿದ್ರಲ್ಲ."

"ಅಂದಿದ್ದೆ. ಇದು ನನ್ನೊಬ್ಬಂದಲ್ಲ." ಟವೆಲಿನ ಅಂಚು ಸರಿಪಡಿಸಿ, "ನೀ ಹೇಳಬ್ಯಾಡ. ನಾ ಕೇಳ್ತೀನಿ" ಎಂದರು.

ಪೀಣ್ಯ ಎರಡನೇ ಹಂತದ ಹಿಂದಿನ ಬೀದಿಯಲ್ಲಿ ಅವರ ಮನೆ. ಪಕ್ಕದ ಶೆಡ್ಡಿನಲ್ಲಿ ತಗಡಿನಿಂದ ವಾಷರ್ ಕತ್ತರಿಸುವ ಪ್ರೆಸ್ಸು ಬೆಳಗಿನಿಂದ ಸಂಜೆಯವರೆಗೆ ಒಂದೇ ಲಯದಲ್ಲಿ ಬೀಳುತ್ತದೆ. ಅದು ನಿಂತಾಗಲಷ್ಟೇ ಮನೆಯವರಿಗೆ ಅದರ ನೆನಪು. ಅವ್ವ, ಗೌರಮ್ಮ, ಬಾಗಿಲಲ್ಲೇ ಇದ್ದಳು. ಕಲ್ಲು ಕರಗಿಸ್ಯಾರೇನು ಎಂದು ಕೇಳಿದಳು. ಅಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು, ಒಳಗ ಬಾ ಸ್ವಲ್ಪ ಎಂದು ಅವ್ವನನ್ನು ಮಲಗುವ ಕೋಣೆಗೆ ಕರೆದರು. ಹೇಮಲತಾಳ ಕಡೆ ನೋಡದೆ, ನೀ ಇಲ್ಲೇ ಕುಂದರು ಎಂದರು. ಬಾಗಿಲು ಮುಚ್ಚಿತು. ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಅವಳು ಕಿವಿಗೊಡಲಿಲ್ಲ, ಕೊಟ್ಟರೂ ಪ್ರೆಸ್ಸಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅಪ್ಪ ಅವ್ವನನ್ನು ಏನನ್ನಾದರೂ ಕೇಳಿದ್ದು ಅವಳಿಗೆ ನೆನಪಾಗಲಿಲ್ಲ. ಈ ಸೈಟು ಕೊಂಡದ್ದನ್ನು ನೋಂದಣಿಯಾದ ಮೇಲೆ ಹೇಳಿದ್ದರು. ಹೇಮಲತಾಳ ಮದುವೆ ಗೊತ್ತುಮಾಡಿ ಬಂದು, ಸಿಹಿ ಮಾಡು ಎಂದಿದ್ದರು. ಅವ್ವನ ತಾಯಿ ರಾಣೆಬೆನ್ನೂರಿನಲ್ಲಿ ಹಾಸಿಗೆ ಹಿಡಿದಾಗ, ಈ ವಾರ ನನ್ನದು ಮೊದಲ ಪಾಳಿ, ಬುತ್ತಿಗೆ ತೊಂದರೆ, ಮುಂದಿನ ವಾರ ಹೋಗು ಎಂದಿದ್ದರು. ಮುಂದಿನ ವಾರ ಅವ್ವ ಹೋದದ್ದು ತಾಯಿ ತೀರಿದ ಮೇಲಿನ ಶಿವಗಣಾರಾಧನೆಗೆ. ಅಂದು ಬಸ್‌ಸ್ಟ್ಯಾಂಡಿನಲ್ಲಿ ಎಂಟು ವರ್ಷದ ಹೇಮಲತಾಳ ಕೈ ಹಿಡಿದು ನಿಂತಿದ್ದ ಅವ್ವ ಅಳುತ್ತಿರಲಿಲ್ಲ. ಕೈಯನ್ನು ಮಾತ್ರ ನೋಯುವಷ್ಟು ಬಿಗಿ ಹಿಡಿದಿದ್ದಳು. ಅದರ ಬಗ್ಗೆ ಮನೆಯಲ್ಲಿ ಯಾರೂ ಎಂದೂ ಮಾತಾಡಲಿಲ್ಲ. ಮೊನ್ನೆ ಕಲ್ಲು ಎಂದು ಅವ್ವನಿಗೆ ಸುಳ್ಳು ಹೇಳುವಾಗ ಹೇಮಲತಾಳಿಗೆ ಏನೂ ಅನಿಸಿರಲಿಲ್ಲ. ಅಪ್ಪನ ಗುಟ್ಟಿನಲ್ಲಿ ಪಾಲು ಸಿಕ್ಕಿತೆಂಬ ಒಂದು ಸಣ್ಣ ಹೆಮ್ಮೆಯೇ ಇತ್ತು. ಅದನ್ನು ಈಗ ತನ್ನಲ್ಲೇ ಒಪ್ಪಿಕೊಳ್ಳುವಾಗ, ನಡುಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವಳಿಗೆ ನಾಚಿಕೆಯಾಯಿತು.

ಬಾಗಿಲು ತೆರೆದು ಅವ್ವ ಒಬ್ಬಳೇ ಹೊರಬಂದಳು. ಅಡುಗೆಮನೆಗೆ ಹೋಗಿ ಅವಲಕ್ಕಿ ತೊಳೆದು ಜರಡಿಯಲ್ಲಿ ಬಸಿಯಲಿಟ್ಟು, ಈರುಳ್ಳಿ ಹೆಚ್ಚಲು ಕೂತಳು. ಹೇಮಲತಾ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಅವ್ವ ತಲೆ ಎತ್ತಲಿಲ್ಲ.

"ಕಲ್ಲು ಅಂದ್ರಿ ನನಗ. ಅಪ್ಪ ಮಗಳು ಕೂಡಿ."

"ನೀನು ಹೆದರ್ಕೊಳ್ತೀಯ ಅಂತ ಅವ್ವಾ."

"ಆರು ತಿಂಗಳಿಂದ ಅವರ ಬಟ್ಟಿ ಯಾರು ಒಗದಾರ ಅನ್ಕೊಂಡಿ? ಮಷಿನ್ನಿಗೆ ಹಾಕಿಲ್ಲ, ಕೈಲೇ ಒಗದೀನಿ. ಅದರಾಗ ರಕ್ತ ಕಂಡ ದಿನದಿಂದ ನನಗ ಅನ್ನ ಇಳದಿಲ್ಲ."

ಹೇಮಲತಾ ಹೊಸ್ತಿಲಲ್ಲೇ ಕೂತಳು. ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಆ ಅತ್ತಿಬೆಲೆಯ ಸಂಜೆ, ಚೀಲ ಮುಂದೆ ಹಿಡಿದು ಇಳಿದ ಅಪ್ಪ, ಎಲ್ಲ ನೆನಪಾಯಿತು. ಮಾರನೆಯ ದಿನ ಗೃಹಪ್ರವೇಶದ ಮನೆಯಿಂದ ಹಿಂದಿರುಗಿದ ಅವ್ವ ಬಚ್ಚಲಲ್ಲಿ ನೆನೆಹಾಕಿದ್ದ ಪ್ಯಾಂಟನ್ನು ಕಂಡಿರಬೇಕು. ಕಂಡು, ಹಿಂಡಿ, ಒಣಹಾಕಿ, ಮಡಿಚಿ ಬೀರುವಿನಲ್ಲಿ ಇಟ್ಟಿರಬೇಕು. ಹಾಗಾದರೆ ಯಾಕೆ ಕೇಳಲಿಲ್ಲ ಎಂದು ಅವಳ ಬಾಯಿಂದ ಬಂದದ್ದು ಪ್ರಶ್ನೆಯಾಗಿರದೆ ಆಪಾದನೆಯಂತಿತ್ತು. ನೀನು ಕೇಳಿದ್ದರೆ ಆರು ತಿಂಗಳು ಮೊದಲೇ ತಿಳಿಯುತ್ತಿತ್ತಲ್ಲ. ತನ್ನ ಪಾಲಿನ ತಪ್ಪನ್ನು ಅರ್ಧವಾದರೂ ಅವ್ವನ ತಟ್ಟೆಗೆ ಬಡಿಸುತ್ತಿದ್ದೇನೆಂದು ಹೇಳುವಾಗಲೇ ಅವಳಿಗೆ ಅರಿವಾಯಿತು. ಅವ್ವ ಈಳಿಗೆಯಿಂದ ಕೈ ತೆಗೆದಳು.

"ನನಗ ತಿಳದೈತಿ ಅಂತ ಗೊತ್ತಾಗಿದ್ರ ಅವರು ಬಟ್ಟಿ ತಾವ ಒಗ್ಯಾಕ ಕುಂದರ್ತಿದ್ರು" ಎಂದಳು. "ಅದನ್ನ ನನಗ ನೋಡಾಕ ಆಗತಿರಲಿಲ್ಲ. ಅದಕ್ಕ ಸುಮ್ಮನಿದ್ದೆ. ತಪ್ಪಾತು."

ತಪ್ಪಾತು ಎಂಬ ಮಾತನ್ನು ಅಷ್ಟು ಸುಲಭವಾಗಿ ಹೇಳಬಹುದೆಂದು ಹೇಮಲತಾಳಿಗೆ ಗೊತ್ತಿರಲಿಲ್ಲ. ಎರಡು ವಾರದಿಂದ ಅವಳು ಹೇಳಲು ಜಾಗ ಹುಡುಕುತ್ತಿದ್ದ ಮಾತು ಅದು. ಅವ್ವಾ, ಫೆಬ್ರವರಿಯಲ್ಲಿ ಬರುವಾಗ ಎಂದು ಶುರುಮಾಡಿದಳು. ಅವ್ವ ಒಗ್ಗರಣೆಗೆ ಸಾಸಿವೆ ಹಾಕಿದಳು. ಅದು ಸಿಡಿಯುವ ಸದ್ದಿನಲ್ಲಿ ಹೇಮಲತಾ ಎಲ್ಲವನ್ನೂ ಹೇಳಿ ಮುಗಿಸಿದಳು: ಲಾರಿಗಳು, ಎರಡು ಸಲ ಕೇಳಿದ್ದು, ತಾನು ಅಂದದ್ದು, ಕಿಟಕಿ ಇಳಿಸಿದ್ದು. ಅವ್ವ ಕೇಳಿಸಿಕೊಂಡಳೋ ಇಲ್ಲವೋ. ಒಲೆ ಸಣ್ಣ ಮಾಡಿ, ಅವಲಕ್ಕಿ ಕಲಸಿ, ಒಂದು ತಟ್ಟೆ ಅವಳ ಮುಂದೆ ಇಟ್ಟು, ಎರಡು ವಾರದಿಂದ ನೀ ಸರಿಯಾಗಿ ಉಂಡಿಲ್ಲ, ಮುಖ ಹೇಳ್ತೈತಿ, ಮೊದಲು ತಿನ್ನು ಎಂದಳು. ಅದು ಕ್ಷಮೆಯೋ ಅಲ್ಲವೋ ತಿಳಿಯಲಿಲ್ಲ. ಹಸಿವಾಗಿತ್ತು. ತಿಂದಳು.

ತಟ್ಟೆ ಅರ್ಧವಾದ ಮೇಲೆ ಏನಂದೆ ಅಪ್ಪಾಜಿಗೆ ಎಂದು ಕೇಳಿದಳು.

"ತಗಸ್ಕೊಳ್ರಿ ಅಂದೆ. ಸೂಜಿ ಆದ್ರ ಮೂರು ತಿಂಗಳಿಗೊಮ್ಮೆ ನೆನಪಾಗತೈತಿ ಅವರಿಗೆ. ಇದು ಒಮ್ಮೆ ಆದ್ರ ಆತು." ಅವ್ವ ಎರಡನೆಯ ತಟ್ಟೆಗೆ ಅವಲಕ್ಕಿ ಹಾಕಿ, ಮೇಲೆ ಕಾಯಿತುರಿ ಉದುರಿಸಿದಳು. "ನಲವತ್ತೆಂಟು ವರ್ಷಕ್ಕ ಒಮ್ಮೆ ಕೇಳ್ಯಾರ. ನೀ ಒಲ್ಲೆ ಅಂದ್ರ ನಾನೂ ಒಲ್ಲೆ ಅಂದ್ರು." ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು.

ಗುರುವಾರ ಮೂವರೂ ಹೋದರು. ಅವ್ವ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದೆ ಅಪ್ಪನ ಪಕ್ಕ ಕೂತಳು. ವಾರ್ಡಿನಲ್ಲಿ ಅಟೆಂಡರ್ ಒಬ್ಬ ರೇಜರು ಹಿಡಿದು ಬಂದು, ಯಜಮಾನ್ರೇ ಕೆಳಗೆ ಕ್ಲೀನ್ ಮಾಡ್ಬೇಕು, ಲುಂಗಿ ಬಿಚ್ಚಿ ಎಂದು ಇಡೀ ವಾರ್ಡಿಗೆ ಕೇಳುವಂತೆ ಹೇಳಿದ. ಆಚೆ ಮಂಚದವರು ತಿರುಗಿ ನೋಡಿದರು. ಹೇಮಲತಾಳ ಮುಖ ಕೆಂಪಾಯಿತು. ಅಪ್ಪ ಸುಮ್ಮನೆ ಪರದೆಯ ಕಡೆ ಕೈ ತೋರಿಸಿ, ಅದನ್ನ ಎಳದು ಆಮ್ಯಾಲ ಮಾತಾಡಪ್ಪ ಎಂದರು. ಅವನು ಎಳೆದ. ನರ್ಸು ಒಪ್ಪಿಗೆ ಪತ್ರ ತಂದು, ಎರಡು ವಾರದ ಅಭ್ಯಾಸದಂತೆ, ಪೆನ್ನನ್ನು ಹೇಮಲತಾಳ ಕಡೆ ಚಾಚಿದಳು. ಹೇಮಲತಾ ತೆಗೆದುಕೊಂಡೂ ಆಗಿತ್ತು. ಪರದೆಯ ಹಿಂದಿನಿಂದ ಅಪ್ಪನ ದನಿ, ಸಹಿ ಅವರವ್ವ ಹಾಕ್ತಾಳ, ಅಕಿಗೆ ಕೊಡ್ರಿ ಎಂದಿತು. ಅವ್ವ ಕಾಗದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಗೌರಮ್ಮ ಎಂದು ಬರೆದಳು, ಒಂದೊಂದೇ ಅಕ್ಷರ, ಒತ್ತಿ. ಸಂಬಂಧ ಎಂಬಲ್ಲಿ ಏನು ಬರೆಯಬೇಕೆಂದು ಕೇಳಿದಳು. ಹೆಂಡತಿ ಅಂತ ಎಂದಳು ಹೇಮಲತಾ. ಅದನ್ನೂ ಅಷ್ಟೇ ನಿಧಾನವಾಗಿ ಬರೆದಳು.

ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡಿದ್ದು. ಡಾಕ್ಟರು ಹೇಳಿದಂತೆ ಅರ್ಧ ಗಂಟೆಯಲ್ಲಿ ಮುಗಿಯಿತು. ಹೊರಗೆ ತಂದಾಗ ಅಪ್ಪ ಎಚ್ಚರವಿದ್ದರು, ಚಾವಣಿಯ ಟ್ಯೂಬ್‌ಲೈಟುಗಳನ್ನು ನೋಡುತ್ತಿದ್ದರು. ಹೇಮಲತಾ ಏನಾದರೂ ಹೇಳಬೇಕೆಂದು ಬಾಗಿದಳು. ಕ್ಷಮಿಸಿ ಎಂಬುದು ಅವಳ ನಾಲಿಗೆಯಲ್ಲಿತ್ತು. ನಿನಗ ಆಫೀಸಿಲ್ಲೇನು ಇವತ್ತ ಎಂದರು ಅಪ್ಪ. ರಜೆ ಎಂದಳು. ತಲೆಯಾಡಿಸಿ ಕಣ್ಣು ಮುಚ್ಚಿದರು. ಅವಳು ಹೇಳಬೇಕಾದ್ದನ್ನು ಅವರು ಹೇಳಗೊಡುವುದಿಲ್ಲ. ಎರಡು ಸಲ ಕೇಳಿ ಮೂರನೆಯ ಸಲ ಕೇಳದಿದ್ದವರು, ತಮಗೆ ಕೇಳಿಸಬೇಕಾದ್ದನ್ನೂ ಹಾಗೆಯೇ ಬಿಟ್ಟುಬಿಟ್ಟರು. ಇದನ್ನು ತಾನು ಹೀಗೆಯೇ ಇಟ್ಟುಕೊಂಡಿರಬೇಕು ಎಂದು ಅವಳಿಗೆ ಸ್ಪಷ್ಟವಾಯಿತು. ಅದರಿಂದ ದುಃಖವಾಗಲಿಲ್ಲ, ದಣಿವಾಯಿತು.

ನಾಲ್ಕು ಗಂಟೆಗೆ ಕೆಳಗಿನಿಂದ ಫ್ಲಾಸ್ಕಿಗೆ ಗಂಜಿ ತುಂಬಿಸಿಕೊಂಡು ಮೇಲೆ ಬಂದಾಗ ಮಂಚದ ಸುತ್ತ ಪರದೆ ಎಳೆದಿತ್ತು. ಕೆಳಗೆ ಅವ್ವನ ಪಾದಗಳು ಕಾಣುತ್ತಿದ್ದವು, ಬರಿಗಾಲು, ಮಂಚಕ್ಕೆ ತೀರಾ ಹತ್ತಿರ. ನೀರಿನಲ್ಲಿ ಬಟ್ಟೆ ಅದ್ದಿ ಹಿಂಡುವ ಸದ್ದು ಕೇಳಿಸಿತು. ಹೇಮಲತಾ ಪರದೆಯ ಅಂಚು ಹಿಡಿದವಳು ಹಾಗೆಯೇ ನಿಂತಳು.

"ನೋವು ಐತೇನ್ರಿ?" ಎಂದಳು ಅವ್ವ ಒಳಗೆ.

ಬಟ್ಟೆ ಮತ್ತೊಮ್ಮೆ ನೀರಿಗಿಳಿಯಿತು.

"ಐತಿ" ಎಂದರು.

ನೋವಿದೆ ಎಂಬ ಮಾತನ್ನು ಅವರ ಬಾಯಿಂದ ಹೇಮಲತಾ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಪರದೆಯ ಅಂಚನ್ನು ಸದ್ದಾಗದಂತೆ ಬಿಟ್ಟು, ಫ್ಲಾಸ್ಕನ್ನು ನೆಲದ ಮೇಲೆ, ಅವ್ವನ ಕಾಲಿಗೆ ಎಡವದಷ್ಟು ದೂರದಲ್ಲಿಟ್ಟು, ಅವಳು ವಾರ್ಡಿನಿಂದ ಹೊರಗೆ ನಡೆದಳು.